ಆಖೈರು ತಾಟು

ನಮ್ಮ ಹುಬ್ಬಳ್ಳಿಯಲ್ಲಿ ಒಂದು ಕಾಲಕ್ಕೆ ‘ಆಖೈರು ಹೇಳ್ರಿ’ ಎನ್ನದೆ ಯಾವ ವ್ಯಾಪಾರವೂ ಮುಗಿಯುತ್ತಿರಲಿಲ್ಲ. ಆಖೈರು ಎಂದರೆ ಕೊನೆಯ ದರ, ಇದರ ಕೆಳಗೆ ಇಳಿಯುವುದಿಲ್ಲ ಎಂಬ ಮಾತು. ಅದು ಕೊನೆಯ ಮಾತಲ್ಲ ಎಂಬುದು ಹೇಳುವವನಿಗೂ ಗೊತ್ತು, ಕೇಳುವವನಿಗೂ ಗೊತ್ತು. ಆಖೈರು ಹೇಳಿಸಿಕೊಂಡ ಗಿರಾಕಿ ಎದ್ದು ಚಪ್ಪಲಿ ಮೆಟ್ಟಬೇಕು. ಅಂಗಡಿಯವನು ಅವನನ್ನು ಓಣಿಯ ತಿರುವಿನವರೆಗೆ ಹೋಗಲು ಬಿಟ್ಟು ಕೂಗಿ ಕರೆಯಬೇಕು, ಚಹಾ ತರಿಸಬೇಕು, ‘ನಿಮಗಂತ ಕೊಡಾಕತ್ತೇನಿ, ಯಾರ ಮುಂದೂ ಹೇಳಬ್ಯಾಡ್ರಿ’ ಎನ್ನಬೇಕು. ಇಷ್ಟೆಲ್ಲ ಸುಳ್ಳಿನ ನಡುವೆ ಇಬ್ಬರ ಮಾನವೂ ಅಷ್ಟಿಷ್ಟು ಉಳಿಯುತ್ತಿತ್ತು. ಒಬ್ಬರ ಹೊಟ್ಟೆಯೊಳಗಿನ ಸಂಕಟ ಇನ್ನೊಬ್ಬರಿಗೆ ಕಾಣುತ್ತಿರಲಿಲ್ಲ ಎನ್ನುವುದೇ ದೊಡ್ಡ ಮರ್ಯಾದೆಯಾಗಿತ್ತು ಎಂದು ಈಗ ಅನಿಸುತ್ತದೆ.

ಆಮೇಲೆ ಆ ಸಂಕಟವನ್ನು ಅಳೆಯುವ ಯಂತ್ರ ಬಂತು. ನಾನು ಕೆಲಸ ಮಾಡುತ್ತಿದ್ದದ್ದು ಅದರ ಹಿಂದಿನ ಕೊಠಡಿಯಲ್ಲೇ. ಹೆಸರು ನೀಲಾ, ಓದಿದ್ದು ಭೌತಶಾಸ್ತ್ರ, ಹುದ್ದೆ ಆಖೈರು ಕೇಂದ್ರದಲ್ಲಿ ಮುದ್ರೆ ಅಧಿಕಾರಿ. ಯಂತ್ರ ಓದಿದ ದರ ಸರಿ ಎಂದು ನಾನು ಗುಂಡಿ ಒತ್ತಿದರೆ ವ್ಯಾಪಾರ ಆದಂತೆ.

ನೋಡಲು ಆ ಯಂತ್ರ ಏನೂ ಅಲ್ಲ. ಊಟದ ತಾಟಿನಷ್ಟು ಅಗಲದ ಒಂದು ಬಿಳಿ ಲೋಹದ ಬಿಲ್ಲೆ, ಅಷ್ಟೆ. ಊರವರು ಅದನ್ನು ಆಖೈರು ತಾಟು ಎಂದೇ ಕರೆದರು. ಮಾರುವವರು ಅದರ ಮೇಲೆ ಅಂಗೈ ಇಡಬೇಕು. ಎದುರಿನ ಪರದೆಯ ಮೇಲೆ ಸಂಖ್ಯೆಗಳು ಸೊನ್ನೆಯಿಂದ ಮೇಲೇರುತ್ತ ಮಿಂಚಿ ಮಾಯವಾಗುತ್ತವೆ. ಕಣ್ಣಿಗೆ ಓದಲು ಆಗದಷ್ಟು ಬೇಗ ಅವು ಹೋಗುತ್ತವೆ, ಆದರೆ ಮೈ ಅವನ್ನು ಓದಿಕೊಳ್ಳುತ್ತದೆ. ಒಂದೊಂದು ಸಂಖ್ಯೆಗೂ ಅಂಗೈಯ ಬೆವರು, ನಾಡಿ, ಬೆರಳ ತುದಿಯ ಬಿಸಿ ತುಸುವೇ ಬದಲಾಗುತ್ತವೆ. ನಾಳೆ ಇದಕ್ಕಿಂತ ಹೆಚ್ಚು ಬಂದೀತು ಎಂಬ ಆಸೆ ಒಂದು ಕಡೆ, ನಾಳೆ ಯಾರೂ ಬರದಿದ್ದರೆ ಎಂಬ ಭಯ ಇನ್ನೊಂದು ಕಡೆ. ಎರಡೂ ಸಮ ತೂಗುವ ಸಂಖ್ಯೆ ಬಂದಾಗ ಮೈ ಒಂದು ಕ್ಷಣ ಸಡಿಲವಾಗುತ್ತದೆ. ನಮ್ಮ ಪರದೆಯ ಮೇಲಿನ ಗೆರೆ ಅಲ್ಲಿ ಸಣ್ಣಗೆ ತಗ್ಗುತ್ತದೆ. ಅದನ್ನು ಕಂಡುಹಿಡಿದವರು ಆ ತಗ್ಗಿಗೆ ಉದ್ದದ ಹೆಸರು ಕೊಟ್ಟಿದ್ದರು. ಕೊಠಡಿಯ ನಾವು ಅದನ್ನು ‘ಸಾಕು’ ಎನ್ನುತ್ತಿದ್ದೆವು. ಮೈ ಸಾಕು ಎಂದದ್ದೇ ಆಖೈರು.

ಚೌಕಾಶಿಯಲ್ಲಿ ದೇಶದ ಹೊತ್ತು ಹಾಳಾಗುತ್ತದೆ, ಮೋಸಕ್ಕೆ ದಾರಿಯಾಗುತ್ತದೆ ಎಂದು ಹೇಳಿ, ಮನೆ, ಅಂಗಡಿ, ಜಾಗ ಯಾವುದನ್ನು ಮಾರಿದರೂ ತಾಟಿನ ಮೂಲಕವೇ ಮಾರಬೇಕೆಂದು ಕಾನೂನು ಮಾಡಿದರು. ಮಾರುವವನ ಆಖೈರು, ಕೊಳ್ಳುವವನ ಆಖೈರು, ಎರಡರ ನಡುವಿನ ಸಂಖ್ಯೆಯೇ ದರ. ಕೇಳಲು ಎಷ್ಟು ನ್ಯಾಯವಾಗಿದೆ! ಜನ ಚಪ್ಪಾಳೆ ತಟ್ಟಿದರು. ಕೊಳ್ಳುವವರೆಲ್ಲ ಕಂಪನಿಗಳು ಎಂಬುದು ಚಪ್ಪಾಳೆ ನಿಂತ ಮೇಲೆ ಹೊಳೆಯಿತು. ಕಂಪನಿಗೆ ಅಂಗೈ ಎಲ್ಲಿಂದ ಬರಬೇಕು? ಅದು ಬೆವರುವುದಿಲ್ಲ, ಅದಕ್ಕೆ ನಾಡಿ ಇಲ್ಲ. ಹೀಗಾಗಿ ಕಂಪನಿ ತನ್ನ ಆಖೈರನ್ನು ಲಕೋಟೆಯಲ್ಲಿ ಬರೆದು ಕೊಟ್ಟರೆ ಸಾಕು ಎಂದಾಯಿತು. ಮಾರುವವನ ಜಾತಕವೆಲ್ಲ ಕೈಯಲ್ಲಿದ್ದವರಿಗೆ ಲಕೋಟೆಯಲ್ಲಿ ಏನು ಬರೆಯಬೇಕೆಂದು ತಿಳಿಯದೇ?

ಮೊದಲ ವರ್ಷ ಒಬ್ಬ ಹೆಂಗಸು ಬಂದಿದ್ದಳು. ದಾಜಿಬಾನ ಪೇಟೆಯಲ್ಲಿ ಟೇಲರಿಂಗ್ ಅಂಗಡಿ, ಮಗಳಿಗೆ ಆಪರೇಷನ್ ಆಗಬೇಕಿತ್ತು. ಅವಳು ಸೆರಗಿನಿಂದ ಅಂಗೈ ಒರೆಸಿ ಒರೆಸಿ ತಾಟಿನ ಮೇಲಿಟ್ಟಳು. ಸಂಖ್ಯೆಗಳು ಓಡತೊಡಗಿದವೋ ಇಲ್ಲವೋ, ಗೆರೆ ತಗ್ಗಿತು. ಅಂಗಡಿಯ ಹೊಲಿಗೆ ಯಂತ್ರಗಳ ಬೆಲೆಯೂ ಅಲ್ಲ ಅದು. ಹೊರಗೆ ಅವಳು, ‘ಅಷ್ಟಕ್ಕ ಒಲ್ಲೆರೀ, ನಾ ಬಾಯಿ ಬಿಟ್ಟು ಏನೂ ಹೇಳೇ ಇಲ್ಲಲ್ರೀ’ ಎನ್ನುತ್ತಿದ್ದಳು. ಒಳಗೆ ನಮ್ಮ ಮೇಲಧಿಕಾರಿ ಹಂಪಿಹೊಳಿ ಸಾಹೇಬರು ಪರದೆಯ ಹತ್ತಿರ ಮುಖ ತಂದು, ‘ಭಯಾನ ಎಷ್ಟು ಚಂದ ಓದತೈತಿ ನೋಡ್ರಿ ನಮ್ಮ ತಾಟು’ ಎಂದರು. ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವವರ ಬಗ್ಗೆ ಗಾದೆ ಕೇಳಿದ್ದೆ, ಅಂಥವರನ್ನು ಕಂಡದ್ದು ಆಗಲೇ. ಆ ದಿನ ಡಬ್ಬಿಯಲ್ಲಿದ್ದ ಊಟವನ್ನು ಹಾಗೇ ಮನೆಗೆ ವಾಪಸ್ ತಂದೆ.

ಇನ್ನೊಂದು ಸಂಗತಿ ನಿಧಾನಕ್ಕೆ ಗಮನಕ್ಕೆ ಬಂತು. ಹೆದರಿದವರ ಗೆರೆ ಬೇಗ ತಗ್ಗುವುದು ಸರಿ. ತೃಪ್ತರ ಗೆರೆಯೂ ಅಷ್ಟೇ ಬೇಗ ತಗ್ಗುತ್ತಿತ್ತು. ‘ಇಷ್ಟಾದರೆ ನಡೆದೀತು’ ಎಂದು ಬಾಳಿದವರ ಮೈ ಬೇಗನೆ ಸಾಕು ಎನ್ನುತ್ತದೆ. ತಾಟಿಗೆ ಹಸಿವಿನ ಸಾಕು, ಹೊಟ್ಟೆ ತುಂಬಿದ ಸಾಕು ಎರಡೂ ಒಂದೇ. ಗೆರೆ ತಗ್ಗದೆ ಮೇಲೆ ಮೇಲೆ ಹೋಗುತ್ತಿದ್ದದ್ದು ಎಷ್ಟು ತಿಂದರೂ ಬಾಯಿ ಮುಚ್ಚದವರದ್ದು ಮಾತ್ರ. ಅವರಿಗೆ ಒಳ್ಳೆಯ ದರ ಬಂತು. ಇದು ಊರಿಗೆ ತಿಳಿಯಲು ಎಷ್ಟು ಹೊತ್ತು? ಮನೆಯಲ್ಲಿ ಯಾರು ಅತಿ ಆಸೆಬುರುಕರೋ ಅವರ ಹೆಸರಿಗೆ ವಕಾಲತ್ತು ಬರೆದುಕೊಟ್ಟು ತಾಟಿಗೆ ಕಳಿಸತೊಡಗಿದರು. ಅಣ್ಣತಮ್ಮಂದಿರಲ್ಲಿ ಯಾರನ್ನು ಕಂಡರೆ ಎಲ್ಲರೂ ಮುಖ ಸಿಂಡರಿಸುತ್ತಿದ್ದರೋ ಅವನೇ ಮನೆಯ ಆಸ್ತಿಯಾದ. ಗಂಡು ನೋಡಲು ಬಂದವರು ಹುಡುಗನ ಆಖೈರು ಎಷ್ಟಕ್ಕೆ ನಿಲ್ಲುತ್ತದೆ ಎಂದು ನಾಚಿಕೆಯಿಲ್ಲದೆ ಕೇಳಿದರು.

ಈಗ ನಮ್ಮ ಮನೆಯ ಮಾತು. ದುರ್ಗದಬೈಲಿನ ಹಿಂದಿನ ಓಣಿಯಲ್ಲಿ ನಮ್ಮ ಅವ್ವ ಶಿವಗಂಗವ್ವನ ಖಾನಾವಳಿ. ಕೆಳಗೆ ಒಲೆ ಮತ್ತು ಬೆಂಚು, ಮೇಲೆ ಎರಡು ಕೋಣೆಯಲ್ಲಿ ನಾವು ಮೂವರು: ಅವ್ವ, ನಾನು, ನನ್ನ ತಮ್ಮ ಮುರುಗೇಂದ್ರ. ಅಪ್ಪ ಹೋದ ಮೇಲೆ ಅವ್ವ ರೊಟ್ಟಿ ಬಡಿದೇ ನಮ್ಮನ್ನು ಓದಿಸಿದಳು. ಝುಣಕಾ, ಹೆಸರುಕಾಳಿನ ಪಲ್ಯ, ಶೇಂಗಾ ಹಿಂಡಿ, ಮೇಲೊಂದು ವಾಟಗ ಮಜ್ಜಿಗೆ. ಕೋರ್ಟಿನ ಕಾರಕೂನರು, ಹಮಾಲರು, ಹಾಸ್ಟೆಲ್ ಹುಡುಗರು ಒಂದೇ ಬೆಂಚಿನ ಮೇಲೆ ಕೂತು ಉಣ್ಣುತ್ತಿದ್ದರು. ಉಂಡವರು ‘ತೃಪ್ತಿ ಆತು ನೋಡವ್ವ’ ಎಂದರೆ ಅವತ್ತಿಡೀ ಅವಳ ಮುಖ ಬೆಳಗುತ್ತಿತ್ತು.

ಒಂದು ಊಟದ ಕಂಪನಿ ನಮ್ಮ ಓಣಿಯನ್ನು ಒಂದೊಂದೇ ಅಂಗಡಿಯಾಗಿ ಕೊಳ್ಳುತ್ತ ಬಂತು. ದೊಡ್ಡ ಅಡುಗೆ ಕಾರ್ಖಾನೆ ಕಟ್ಟುವುದಿತ್ತಂತೆ. ಅವ್ವನಿಗೆ ಮಾರುವ ಮನಸ್ಸಿರಲಿಲ್ಲ, ಮುರುಗೇಂದ್ರನಿಗಿತ್ತು. ತಾಟಿನ ಮೇಲೆ ಮುಂಗಡ ಪರೀಕ್ಷೆ ಮಾಡಿಸಿದರೆ ಸುಮ್ಮನೆ ದರ ತಿಳಿಯುತ್ತದೆ, ಮಾರಲೇಬೇಕೆಂದಿಲ್ಲ ಎಂದು ಪುಸಲಾಯಿಸಿ ಅವನು ಅವಳನ್ನು ಕೇಂದ್ರಕ್ಕೆ ಕರೆತಂದ. ಅವ್ವ ಅಂಗೈ ಇಟ್ಟಳು. ಗೆರೆ ತಗ್ಗಿದ ಸಂಖ್ಯೆಗೆ ಒಂದು ಹಳೇ ಮೋಟರ್ ಸೈಕಲ್ ಬಂದೀತು, ಹೆಚ್ಚೆಂದರೆ ಅದರ ಪೆಟ್ರೋಲು.

‘ಇಡೀ ಓಣ್ಯಾಗ ನಮ್ಮ ಮಾನ ಕಳದಿ’ ಎಂದು ಮುರುಗೇಂದ್ರ ಮನೆಗೆ ಬಂದ ಮೇಲೆ ಕೂಗಾಡಿದ. ‘ಮೂವತ್ತು ವರ್ಷ ದುಡದೀ, ನಿನಗ ಇನ್ನೂ ಬೇಕು ಅನ್ನಿಸೂದಿಲ್ಲೇನವ್ವ?’

‘ಬೇಕು ಅಂದ್ರ ಏನ್ ಬೇಕಪಾ? ಹಿಟ್ಟೈತಿ, ಉಪ್ಪೈತಿ, ನೀವಿಬ್ರೂ ಅದೀರಿ’ ಎಂದಳು ಅವ್ವ. ಅವಳಿಗೆ ಅದು ಬೈಗುಳ ಎಂದೇ ತಿಳಿದಿರಲಿಲ್ಲ.

ಮರುದಿನವೇ ಅವನು ಅತೃಪ್ತಿ ಅಕಾಡೆಮಿಗೆ ಹೆಸರು ಹಚ್ಚಿದ. ಹೌದು, ಅದೇ ಹೆಸರು, ಬೋರ್ಡಿನ ಮೇಲೆ ಬಂಗಾರದ ಅಕ್ಷರದಲ್ಲಿತ್ತು. ಸಾಕು ಎನ್ನುವುದನ್ನು ಮೈಯಿಂದ ಬಿಡಿಸುವ ಕೋಚಿಂಗ್ ಕ್ಲಾಸು. ಇಂಥ ಹತ್ತಾರು ಕ್ಲಾಸುಗಳು ಅಷ್ಟರಲ್ಲಿ ಊರಿನಲ್ಲಿ ಹುಟ್ಟಿಕೊಂಡಿದ್ದವು. ತಾಟಿನ ಕೇಂದ್ರದವರಿಗೆ ಅಲ್ಲಿ ಒಂದು ದಿನ ತೋರಿಸಿ ಕಳಿಸುವ ಪದ್ಧತಿ ಇದ್ದುದರಿಂದ ನಾನೂ ನೋಡಿ ಬಂದೆ. ಗೋಡೆಯ ಮೇಲೆ ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂದು ಬರೆದು ಅದರ ಮೇಲೆ ಕೆಂಪು ಗೀಟು ಎಳೆದಿದ್ದರು. ಸಾಲಾಗಿ ಕುರ್ಚಿ, ಪ್ರತಿ ಕುರ್ಚಿಗೂ ಒಂದು ಸಣ್ಣ ತಾಟು, ಮೂಗಿಗೆ ಒಂದು ರಬ್ಬರ್ ನಳಿಕೆ. ಮುಂದೆ ಹೋಳಿಗೆ, ತುಪ್ಪ, ನೋಟಿನ ಕಂತೆ, ಮನೆಗಳ ಚಿತ್ರ ಏನಾದರೂ ಇಡುತ್ತಾರೆ. ಎಲ್ಲಿ ಮೈ ಸಾಕು ಎಂದು ಸಡಿಲವಾಗುತ್ತದೋ ಆ ಕ್ಷಣಕ್ಕೆ ನಳಿಕೆಯಿಂದ ಕೊಳೆತ ಮಾಂಸದ ನಾತ ಬಿಡುತ್ತಾರೆ. ಮತ್ತೆ ಮತ್ತೆ. ದೇಹ ಕೊನೆಗೆ ಕಲಿಯುತ್ತದೆ: ತೃಪ್ತಿ ಬಂದರೆ ಹೇಸಿಗೆ ಬರುತ್ತದೆ. ಕುಳಿತವರೆಲ್ಲ ಕಣ್ಣಲ್ಲಿ ನೀರು ಸುರಿಸುತ್ತ ‘ಇನ್ನೂ, ಇನ್ನೂ’ ಎನ್ನುತ್ತಿದ್ದರು. ಬಾಯಿಯ ಮೂಲೆಯಲ್ಲಿ ತುಪ್ಪ ಇಳಿಯುತ್ತಿತ್ತು. ಮೂರನೇ ಸಾಲಿನಲ್ಲಿ ನನ್ನ ತಮ್ಮ ಇದ್ದ. ನನ್ನನ್ನು ಕಂಡು ಕೈ ಬೀಸಿದ.

ನನಗೆ ಆ ಕ್ಲಾಸಿನ ಮೇಲೆ ಬಂದಷ್ಟು ಹೇಸಿಗೆ ಸತ್ತ ಹೆಗ್ಗಣದ ಮೇಲೂ ಬಂದಿಲ್ಲ. ಹೆಗ್ಗಣ ಫೀ ತೆಗೆದುಕೊಳ್ಳುವುದಿಲ್ಲ.

ಮುರುಗೇಂದ್ರ ಮೊದಲಿನಿಂದ ಅಂಥವನಲ್ಲ. ಸಣ್ಣವನಿದ್ದಾಗ ಒಂದು ಪೇರಲ ಸಿಕ್ಕರೂ ಕಚ್ಚಿ ಅರ್ಧ ನನಗೆ ಕೊಡುತ್ತಿದ್ದ. ಕ್ಲಾಸು ಮುಗಿಸಿ ಬಂದವನು ಬೇರೆಯೇ ಆಗಿದ್ದ. ಮಧ್ಯಾಹ್ನ ಗಿರಾಕಿಗಳ ನಡುವೆಯೇ ಬೆಂಚಿಗೆ ಬಂದು ಕೂತ. ಅವ್ವ ಸಂತೋಷದಿಂದ ಬಿಸಿ ರೊಟ್ಟಿ ಹಾಕುತ್ತ ಹೋದಳು. ಅವನು ತಿನ್ನುತ್ತ ಹೋದ. ಪಲ್ಯದ ಪಾತ್ರೆ ಬರಿದಾಯಿತು, ರೊಟ್ಟಿಯ ಬುಟ್ಟಿ ಬರಿದಾಯಿತು. ಕಾಯುತ್ತಿದ್ದ ಹಮಾಲರು ಒಬ್ಬೊಬ್ಬರಾಗಿ ಎದ್ದು ಹೋದರು. ಅವನಿಗೆ ಹೊಟ್ಟೆ ತುಂಬಿದ್ದು ನನಗೆ ಕಾಣುತ್ತಿತ್ತು. ಹಣೆಯ ಮೇಲೆ ಬೆವರು, ಅಂಗಿಯ ಗುಂಡಿ ಬಿಗಿದು ನಿಂತಿತ್ತು. ಆದರೆ ತುಂಬಿತು ಎನಿಸಿದ ಕೂಡಲೇ ಅವನ ಮೂಗಿಗೆ ಆ ನಾತ ಬರುತ್ತಿತ್ತು. ಅದನ್ನು ತಪ್ಪಿಸಿಕೊಳ್ಳಲು ಇನ್ನೊಂದು ತುತ್ತು. ಕೊನೆಗೆ ಬಚ್ಚಲಿಗೆ ಓಡಿ ವಾಂತಿ ಮಾಡಿದ. ಬಾಯಿ ತೊಳೆದು ಬಂದು ಮತ್ತೆ ಬೆಂಚಿನ ಮೇಲೆ ಕೂತು, ‘ಇನ್ನೇನೈತಿ ಅವ್ವ?’ ಎಂದ.

ಅವ್ವ ಹೆದರಿ ನನ್ನ ಮುಖ ನೋಡಿದಳು. ‘ಜಂತು ಆಗ್ಯಾವೇನ ನೀಲಾ? ಡಾಕ್ಟರ್‌ಗೆ ತೋರಸೋಣೇನ?’

‘ಜಂತು ಅಲ್ಲವ್ವ, ಕೋರ್ಸು’ ಎಂದೆ.

ಅವನಿಗೆ ನಿದ್ದೆಯೂ ಹೀಗೇ ಆಯಿತು. ಮಲಗಿ ಮೈ ಹಗುರಾಯಿತು ಎನಿಸಿದರೆ ಎದ್ದು ಕೂರುತ್ತಿದ್ದ. ಗೆಳೆಯರು ನಕ್ಕರೆ, ಅಷ್ಟೇ ಏಕೆ ನಕ್ಕರು ಎಂದು ಸಿಟ್ಟಾಗುತ್ತಿದ್ದ. ಅವನನ್ನು ಮೊದಲಿನಂತೆ ಮಾಡಲು ಆದೀತೇ ಎಂದು ನಾನು ಅಕಾಡೆಮಿಗೆ ಹೋಗಿ ಕೇಳಿದೆ. ಅಲ್ಲಿಯ ಮೇಡಂ ಕನ್ನಡಕ ಸರಿಮಾಡಿಕೊಂಡು, ‘ವಾಪಸ್ ಮಾಡೂದಕ್ಕ ಯಾರೂ ಕೇಳಿಲ್ರೀ ಇಲ್ಲೀತನಕ’ ಎಂದರು. ಹಾಗೆಂದರೆ ಆಗುವುದಿಲ್ಲ ಎಂದು. ನನ್ನ ತಮ್ಮನ ಮೈಯಿಂದ ಒಂದು ಮಾತನ್ನು ಕಿತ್ತು ಹಾಕಿದ್ದರು, ಅದನ್ನು ಎಲ್ಲಿ ಇಟ್ಟಿದ್ದಾರೆಂದು ಅವರಿಗೇ ಗೊತ್ತಿರಲಿಲ್ಲ.

ಅವ್ವನ ವಕಾಲತ್ತು ಹಿಡಿದು ಅವನು ತಾಟಿಗೆ ಕೂತ ದಿನ ನಾನು ಕೊಠಡಿಯಲ್ಲಿದ್ದೆ. ಊಟದ ಕಂಪನಿಯ ಏಜೆಂಟ ಲಕೋಟೆಯೊಂದಿಗೆ ಬಂದಿದ್ದ. ಓಣಿಯಲ್ಲಿ ಅರ್ಧ ಅಂಗಡಿಗಳು ಆಗಲೇ ಅವರ ಕೈಗೆ ಬಂದಿದ್ದರಿಂದ ನಮ್ಮದಕ್ಕೆ ಅವರು ನಿಜಕ್ಕೂ ಒಳ್ಳೆಯ ಮೊತ್ತ ಬರೆದಿದ್ದರು. ಅವ್ವ ಉಳಿದ ಆಯುಷ್ಯ ರೊಟ್ಟಿ ಬಡಿಯದೆ ಕಳೆಯಬಹುದಾದಷ್ಟು. ಸಂಖ್ಯೆಗಳು ಆ ಮೊತ್ತವನ್ನು ದಾಟಿದವು, ಗೆರೆ ತಗ್ಗಲಿಲ್ಲ. ಅದರ ಎರಡರಷ್ಟು ದಾಟಿದವು. ಹತ್ತರಷ್ಟು. ದುರ್ಗದಬೈಲು ಇಡಿಯಾಗಿ ಬರುವಷ್ಟು. ಮುರುಗೇಂದ್ರ ಹಲ್ಲು ಕಿರಿದು ಕೂತಿದ್ದ, ಅಂಗೈ ಒಣಗಿದ ಕೊರಡಿನಂತೆ ತಾಟಿನ ಮೇಲಿತ್ತು. ಪರದೆಯ ಸಂಖ್ಯೆಗಳು ಮುಗಿದುಹೋದವು.

‘ಆಖೈರು ಇಲ್ಲದವರ ಕೂಡ ವ್ಯಾಪಾರ ಇಲ್ಲ’ ಎಂದು ಏಜೆಂಟ ಎದ್ದ. ತಿರುವಿನವರೆಗೆ ಹೋಗಲು ಬಿಟ್ಟು ಕೂಗಿ ಕರೆಯುವ ಕಾಲ ಹೋಗಿತ್ತು. ಅವನು ಲಿಫ್ಟಿನಲ್ಲಿ ಇಳಿದು ಹೋದ.

ಕಲಿತದ್ದು ಹೆಚ್ಚಾಗಿ ಕೆಟ್ಟ ಎಂದು ನಾನು ಒಳಗೊಳಗೇ ನಕ್ಕೆ, ಖಾನಾವಳಿ ಉಳಿಯಿತಲ್ಲ ಎಂದು. ಹಂಪಿಹೊಳಿ ಸಾಹೇಬರು ನಗಲಿಲ್ಲ. ಎಲ್ಲೂ ತಗ್ಗದ ಆ ಗೆರೆಯನ್ನು ಅವರು ಬಹಳ ಹೊತ್ತು ನೋಡಿದರು. ‘ಎಂಥಾ ಕೈರೀ ಇದು! ಇದನ್ನ ಮಾರಾಕ ಕುಂದರಸಬಾರದು, ಕೊಳ್ಳಾಕ ಕುಂದರಸಬೇಕು’ ಎಂದರು.

ಅದಕ್ಕೆ ಕಾರಣವಿತ್ತು. ಅಷ್ಟರಲ್ಲಿ ಊರೂರುಗಳಲ್ಲಿ ಜನ ಗಲಾಟೆ ಎಬ್ಬಿಸಿದ್ದರು. ನಮಗೆ ತಾಟು, ಕಂಪನಿಗೆ ಲಕೋಟೆ, ಇದ್ಯಾವ ಸೀಮೆಯ ನ್ಯಾಯ ಎಂದು ಕೇಂದ್ರಗಳ ಗಾಜು ಒಡೆದಿದ್ದರು. ಸರ್ಕಾರ ಕಾನೂನು ತಿದ್ದಿತು: ಕೊಳ್ಳುವ ಕಂಪನಿಯೂ ಒಬ್ಬ ಮನುಷ್ಯನ ಅಂಗೈ ಇಡಬೇಕು. ಜನ ಮತ್ತೆ ಚಪ್ಪಾಳೆ ತಟ್ಟಿದರು. ನಮ್ಮ ಜನಕ್ಕೆ ಚಪ್ಪಾಳೆಯ ಚಟ. ಕೊಳ್ಳುವ ಕೈ ಯಾವ ಸಂಖ್ಯೆಯವರೆಗೆ ಕೊಡಲು ಒಪ್ಪುತ್ತದೆ ಎಂದು ತಾಟು ನೋಡುತ್ತದೆ. ಎಷ್ಟು ಬಂದರೂ ಸಾಕೆನ್ನದ ಕೈ, ಕೊಡುವುದೆಂದರೆ ಒಂದು ರೂಪಾಯಿಗೂ ಬಿಗಿದುಕೊಳ್ಳುತ್ತದೆ. ಅಂಥ ಕೈಗಳಿಗೆ ರಾತ್ರೋರಾತ್ರಿ ಬೇಡಿಕೆ ಬಂತು.

ಮುರುಗೇಂದ್ರನನ್ನು ಊಟದ ಕಂಪನಿಯವರೇ ಮನೆಗೆ ಬಂದು ಕರೆದುಕೊಂಡು ಹೋದರು. ಹುದ್ದೆಯ ಹೆಸರು ‘ಅಧಿಕೃತ ಹಸ್ತ’. ಕೆಲಸವೆಂದರೆ ಬಂದು ಕೈ ಇಟ್ಟು ಎದ್ದು ಹೋಗುವುದು. ಅವ್ವ ಓಣಿಗೆಲ್ಲ ಪೇಢೆ ಹಂಚಿದಳು. ಮಗನಿಗೆ ಕಾರು ಬರುತ್ತದೆ ಎಂಬುದಕ್ಕಿಂತ, ದಿನಾ ಒಂದು ಹೊತ್ತಿಗೆ ಎದ್ದು ಎಲ್ಲಿಗೋ ಹೋಗುತ್ತಾನೆ ಎಂಬುದೇ ಅವಳಿಗೆ ಸಂತೋಷ. ಅವನು ಸರಿಯಾದಾನು ಎಂದು ನಂಬಿದ್ದಳು.

ಅವನ ಕೈ ನಮ್ಮ ಓಣಿಯನ್ನು ತಿಂದಿತು. ಬಳೆ ಅಂಗಡಿಯ ಹುಸೇನ್‌ಸಾಬ್, ಗಿರಣಿಯ ಮಡಿವಾಳಪ್ಪ, ಹೂವಿನ ಕಾಶವ್ವ ಎಲ್ಲರೂ ಅವನನ್ನು ಎತ್ತಿ ಆಡಿಸಿದವರು. ‘ನಮ್ಮ ಶಿವಗಂಗವ್ವನ ಮಗ’ ಎಂದು ಎದುರು ಕೂತು ಅಂಗೈ ಇಟ್ಟರು. ಗುರುತಿನ ಮುಖ ಕಂಡರೆ ಮೈ ಇನ್ನೂ ಬೇಗ ಸಡಿಲವಾಗುತ್ತದೆ ಎಂದು ಕಂಪನಿಯವರಿಗೆ ಮೊದಲೇ ಗೊತ್ತಿತ್ತು. ನಾನು ಗುಂಡಿ ಒತ್ತುತ್ತಿದ್ದೆ, ಮನೆಗೆ ಬಂದು ಕೈ ತೊಳೆಯುತ್ತಿದ್ದೆ. ಕೊನೆಗೆ ಉಳಿದದ್ದು ನಮ್ಮ ಖಾನಾವಳಿ.

‘ಅವ್ವ, ಸೋಮವಾರ ಬಂದು ಕೈ ಇಟ್ಟು ಬಾ’ ಎಂದ ಅವನು, ಒಲೆಯ ಮುಂದೆ ನಿಂತು. ‘ನಿಂದೊಂದು ಉಳದೈತಿ. ಇದು ಆಗಲಿಲ್ಲಂದ್ರ ನನ್ನ ತಗೀತಾರ.’

ಅವನು ಹೋದ ಮೇಲೆ ನಾನು ಅವ್ವನ ಹಿಂದೆ ಬಿದ್ದೆ. ‘ನೀ ಹೋಗಬ್ಯಾಡ. ಯಾರೂ ನಿನ್ನ ಎಳಕೊಂಡು ಹೋಗಾಕ ಬರೂದಿಲ್ಲ. ಮಾರಾಕ ಹೊಂಟರಷ್ಟ ತಾಟು, ಮಾರದಿದ್ರ ಏನೂ ಇಲ್ಲ.’

‘ಅವನ ನೌಕರಿ ಹೋಗತೈತಂತ.’

‘ಹೋಗಲಿ! ಅದು ನೌಕರಿ ಏನವ್ವ? ಹುಸೇನ್‌ಸಾಬ್ ಈಗ ಎಲ್ಲಿ ಅದಾನ ಗೊತ್ತೈತೇನ ನಿನಗ?’

ಅವ್ವ ಹಿಟ್ಟು ನಾದುತ್ತಿದ್ದ ಕೈ ನಿಲ್ಲಿಸಿದಳು. ‘ಗೊತ್ತೈತಿ. ಮನ್ನೆ ಬಂದು ಉಂಡು ಹೋದ, ರೊಕ್ಕ ತಗೊಳ್ಳಲಿಲ್ಲ ನಾ.’

‘ಮತ್ತ? ಇದನ್ನ ಕೊಟ್ಟು ನೀ ಎಲ್ಲಿರತಿ?’

‘ಮುರುಗ್ಯಾನ ಮನ್ಯಾಗ.’

‘ಅವನ ಮನಿ ಯಾವುದವ್ವ? ಅವನ ಮನೀನೂ ಇದ ಅಲ್ಲೇನು?’

ಅವಳು ಮತ್ತೆ ಹಿಟ್ಟು ನಾದತೊಡಗಿದಳು. ‘ನಿನಗ ನೌಕರಿ ಐತಿ, ಓದೀದಿ. ಅವಂಗೇನೈತಿ? ಹೊಟ್ಟಿ ತುಂಬೂದಿಲ್ಲ, ನಿದ್ದಿ ಹತ್ತೂದಿಲ್ಲ. ಅದೊಂದರ ಇರಲಿ ಬಿಡ’ ಎಂದಳು. ತಾಯ್ತನದ ಮೇಲೆ ನನಗೆ ಆ ದಿನ ಬಂದ ಸಿಟ್ಟನ್ನು ಬರೆದು ತೋರಿಸಲಾರೆ.

ಸೋಮವಾರ ಅವ್ವ ಇಳಕಲ್ ಸೀರೆ ಉಟ್ಟು ಬಂದಳು. ಈ ವ್ಯಾಪಾರವನ್ನು ಬೇರೆಯವರಿಗೆ ಕೊಡಿ ಎಂದು ಸಾಹೇಬರನ್ನು ಕೇಳಿಕೊಂಡಿದ್ದೆ. ‘ಮನೀ ಮಂದಿ, ನಿಮ್ಮ ಕೈಲೇ ಚಂದ ಆಗಲಿ’ ಎಂದು ಅವರು ಬೆನ್ನು ತಟ್ಟಿದರು. ಗಾಜಿನ ಆಚೆ ಒಂದು ಮೇಜು, ಎರಡು ತಾಟು. ಈಚೆ ಬದಿಯಲ್ಲಿ ಅವ್ವ, ಆಚೆ ಬದಿಯಲ್ಲಿ ನನ್ನ ತಮ್ಮ, ಅವನ ಹಿಂದೆ ಕಂಪನಿಯ ಏಜೆಂಟ. ಮುರುಗೇಂದ್ರನ ಕಣ್ಣ ಕೆಳಗೆ ಕಪ್ಪು ಇಳಿದಿತ್ತು, ಕೆನ್ನೆ ಉಬ್ಬಿತ್ತು, ಸೂಟಿನ ಕಾಲರಿಗೆ ಯಾವುದೋ ಸಾರಿನ ಕಲೆ. ಅವ್ವ ಕೈ ಚಾಚಿ ಸೆರಗಿನ ತುದಿಯಿಂದ ಆ ಕಲೆ ಒರೆಸಲು ನೋಡಿದಳು. ಏಜೆಂಟ ‘ಮುಟ್ಟಬಾರದ್ರೀ’ ಎಂದ.

ಮೊದಲು ಮುರುಗೇಂದ್ರನ ಕೈ. ಸಂಖ್ಯೆಗಳು ಹೊರಟವು. ಒಂದು ರೂಪಾಯಿಗೇ ಗೆರೆ ಬಿಗಿದು ನಿಂತಿತು. ಹಿಡಿದ ಕೆಲಸಕ್ಕೆ ತಕ್ಕ ಕೈ ಎಂದು ಸಾಹೇಬರು ತಲೆದೂಗಿದರು.

ಆಮೇಲೆ ಅವ್ವ. ಅವಳು ಅಂಗೈ ಇಟ್ಟು, ಪರದೆಯನ್ನು ನೋಡದೆ, ಮಗನನ್ನೇ ನೋಡುತ್ತ ಕೂತಳು. ಮೊದಲ ಸಂಖ್ಯೆ ಮಿಂಚಿತು. ಗೆರೆ ತಗ್ಗಿತು.

ಮೊದಲ ಸಂಖ್ಯೆ ಎಂದರೆ ಸೊನ್ನೆ.

ಹಿಂದೆ ಯಾವತ್ತೂ ಹೀಗಾಗಿರಲಿಲ್ಲ. ತಾಟು ಕೆಟ್ಟಿದೆ ಎಂದುಕೊಂಡು ಸಾಹೇಬರು ಎರಡನೆಯ ಸಲ ಓಡಿಸಿದರು. ಮೂರನೆಯ ಸಲ ಬೇರೆ ತಾಟು ತರಿಸಿದರು. ಪ್ರತಿ ಸಲವೂ ಸೊನ್ನೆಗೇ ಗೆರೆ ತಗ್ಗಿತು. ಅದೂ ಸಣ್ಣಗಲ್ಲ. ಕೂಸು ತೊಡೆಯ ಮೇಲೆ ನಿದ್ದೆ ಹೋದಾಗ ತಾಯಿಯ ಮೈ ಸಡಿಲುವ ಹಾಗೆ, ಪರದೆಯ ತಳದವರೆಗೆ. ಈ ತಾಟನ್ನು ಕಂಡುಹಿಡಿದವರು ಆಸೆ ಗೊತ್ತಿದ್ದವರು, ಭಯ ಗೊತ್ತಿದ್ದವರು. ಯಾರಾದರೂ ಸುಮ್ಮನೆ ಕೊಟ್ಟುಬಿಡಬಹುದು ಎಂಬುದು ಅವರ ಲೆಕ್ಕದಲ್ಲಿ ಇರಲೇ ಇಲ್ಲ. ಆದರೂ ತಾಟು ಅದನ್ನು ಹೇಗೋ ಓದಿ, ಅದಕ್ಕೂ ದರ ಹಚ್ಚಿತ್ತು.

‘ಇದರ ನಡುವಿನ ದರ ಎಂಟಾಣೆ’ ಎಂದರು ಸಾಹೇಬರು. ಕೊಠಡಿಯಲ್ಲಿದ್ದವರೆಲ್ಲ ನಕ್ಕರು. ‘ಎಂಟಾಣೆ ಎಲ್ಲಿಂದ ತರೂದ್ರೀ ಈಗ! ಒತ್ತರಿ ಮೇಡಮ್, ಒತ್ತರಿ. ಇದು ಇತಿಹಾಸ.’

ನನ್ನ ಬೆರಳು ಗುಂಡಿಯ ಮೇಲಿತ್ತು. ಗಾಜಿನ ಆಚೆ ಏಜೆಂಟ ಮುರುಗೇಂದ್ರನ ಕಿವಿಯಲ್ಲಿ ದರ ಹೇಳಿದ. ನನ್ನ ತಮ್ಮನ ಮುಖದಲ್ಲಿ ಒಂದು ಕ್ಷಣ ಏನೋ ಸಡಿಲವಾಯಿತು. ನಾನು ಆಸೆಯಿಂದ ಮುಂದೆ ಬಾಗಿದೆ. ಇಗೋ ಈಗ ನಾಚುತ್ತಾನೆ, ಎದ್ದು ಅವ್ವನ ಕೈ ಹಿಡಿದು ಮನೆಗೆ ಕರೆದೊಯ್ಯುತ್ತಾನೆ ಎಂದುಕೊಂಡೆ. ಅವನ ಮೂಗಿನ ಹೊಳ್ಳೆಗಳು ಅರಳಿದವು, ಏನೋ ಕೊಳೆತದ್ದರ ವಾಸನೆ ಬಂದವನಂತೆ ಮುಖ ಕಿವುಚಿದ. ಆಮೇಲೆ ಮೈಕಿನಲ್ಲಿ ಅವನ ಮಾತು ಕೇಳಿಸಿತು.

‘ಅವ್ವ, ಇನ್ನೂ ಸ್ವಲ್ಪ ಕಡಿಮಿ ಆಗೂದಿಲ್ಲೇನು?’

ಅವ್ವ ದಿಗಿಲುಗೊಂಡಳು. ಮಗ ಕೇಳಿದ್ದಾನೆ, ಕಡಿಮೆ ಮಾಡಲು ತನ್ನ ಹತ್ತಿರ ಇನ್ನೇನೂ ಇಲ್ಲ. ಬಲಗೈಯನ್ನು ತಾಟಿನ ಮೇಲಿಂದ ತೆಗೆಯದೆ ಎಡಗೈಯಲ್ಲಿ ಕಿವಿಯ ಬೆಂಡೋಲೆಯ ತಿರುಪು ಬಿಚ್ಚತೊಡಗಿದಳು.

ನಾನು ಕುರ್ಚಿ ಒದ್ದು ಎದ್ದೆ. ಬಾಗಿಲು ತಳ್ಳಿಕೊಂಡು ಗಾಜಿನ ಆಚೆ ನುಗ್ಗಿ ಅವ್ವನ ಕೈಯನ್ನು ಹಿಡಿದು ತಾಟಿನಿಂದ ಎತ್ತಿಬಿಟ್ಟೆ. ಎಲ್ಲೋ ಒಂದು ಗಂಟೆ ಬಡಿದುಕೊಂಡಿತು. ವ್ಯಾಪಾರ ನಿಂತಿತು ಎಂಬ ಸೂಚನೆ ಅದು. ಏಜೆಂಟ ಕೂಗತೊಡಗಿದ. ಮುರುಗೇಂದ್ರ ನನ್ನ ಕಡೆ ನೋಡಲೂ ಇಲ್ಲ, ಅವನ ಕಣ್ಣು ಬೆಂಡೋಲೆಯ ಮೇಲಿತ್ತು.

‘ನಡಿ ಅವ್ವ’ ಎಂದೆ. ‘ಮನೀಗೆ ನಡಿ.’

ಅವ್ವ ನನ್ನ ಮುಖ ನೋಡಿದಳು. ಅಷ್ಟು ಸಿಟ್ಟಿನಲ್ಲಿ ಅವಳನ್ನು ನಾನು ಕಂಡಿರಲೇ ಇಲ್ಲ.

‘ನನ್ನ ಮಗಗ ನಾ ಕೊಡಾಕ ನಿನ್ನ ಅಪ್ಪಣಿ ಬೇಕೇನ? ಬಿಡ ಕೈ’ ಎಂದಳು.

ನಾನು ಬಿಡಲಿಲ್ಲ. ರೊಟ್ಟಿ ಬಡಿದ ಕೈ ಅದು, ನನ್ನ ಹಿಡಿತ ಅದಕ್ಕೆ ಯಾವ ಲೆಕ್ಕ? ಕೊಸರಿಕೊಂಡಳು. ಅಂಗೈಯನ್ನು ಸೀರೆಗೆ ಚೆನ್ನಾಗಿ ಒರೆಸಿಕೊಂಡು ಮತ್ತೆ ತಾಟಿನ ಮೇಲೆ ಇಟ್ಟಳು. ಗಂಟೆ ನಿಂತಿತು. ಗಾಜಿನ ಕಡೆ ತಿರುಗಿ ನೋಡಿದೆ. ನನ್ನ ಕುರ್ಚಿಯಲ್ಲಿ ಆಗಲೇ ಬೇರೊಬ್ಬರು ಕೂತಿದ್ದರು.